ಹಳೆಯ ಡೀಸೆಲ್ ಕಾರು ಕೊಳ್ಳುವ ಮುನ್ನ

ಪತಿ ಸೌದಿಯಲ್ಲಿ ದುಡಿಯುತ್ತಿರುವ ಸಹೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ: "2014ರ ಮಾಡೆಲ್‌ನ ಡಿಸೈರ್ ಡೀಸೆಲ್ ಕಾರೊಂದು ಮಾರಾಟಕ್ಕಿದೆ. 1 ಲಕ್ಷ 40 ಸಾವಿರ ಕಿ.ಮೀ. ಓಡಿದೆ. ಇಷ್ಟು ಓಡಿದ ಇಂಜಿನ್ ಇನ್ನೂ ಬಾಳಿಕೆ ಬರುವುದೇ?" ಈ ಪ್ರಶ್ನೆ ಅವರೊಬ್ಬರದ್ದಲ್ಲ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಒಂದೇ ದಿನ ಎಣಿಸಿಕೊಟ್ಟು ಹಳೆಯ ಕಾರು ತರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆದ್ದರಿಂದ ಈ ಸಲ ಆ ಇಂಜಿನ್‌ನ ಬಗ್ಗೆಯೇ ತಿಳಿದುಕೊಳ್ಳೋಣ.

ಡಿಸೈರ್‌ನ ಬಾನೆಟ್ ಎತ್ತಿದರೆ ಕಾಣುವ ಆ ಡೀಸೆಲ್ ಇಂಜಿನ್ ಮೂಲತಃ ಮಾರುತಿಯದ್ದಲ್ಲ, ಇಟಲಿಯ ಫಿಯೆಟ್ ಕಂಪೆನಿಯದ್ದು. 2003ರಲ್ಲಿ 1.3 ಮಲ್ಟಿಜೆಟ್ ಎಂಬ ಹೆಸರಿನಲ್ಲಿ ಯುರೋಪಿನಲ್ಲಿ ಬಂತು. 2005ರಲ್ಲಿ ತನ್ನ ಗಾತ್ರದ ಇಂಜಿನ್‌ಗಳ ಪೈಕಿ ವರ್ಷದ ಅಂತಾರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. 2007ರಲ್ಲಿ ಮಾರುತಿ ಇದನ್ನು ಸ್ವಿಫ್ಟ್‌ಗೆ ಅಳವಡಿಸಿತು. ಬಳಿಕ ರಿಟ್ಝ್, ಡಿಸೈರ್, ಎರ್ಟಿಗಾ, ಟಾಟಾದ ಇಂಡಿಕಾ ವಿಸ್ತಾ, ಫಿಯೆಟ್‌ನದ್ದೇ ಆದ ಪುಂಟೋ, ಲೀನಿಯಾ ಹೀಗೆ ಎಷ್ಟೊಂದು ಕಾರುಗಳಿಗೆ ಬಂತೆಂದರೆ, ಇದನ್ನು ಭಾರತದ 'ರಾಷ್ಟ್ರೀಯ ಇಂಜಿನ್' ಎಂದೇ ಕರೆದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಇದರ ಕಾಲ ಮುಗಿಯಿತು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಆದರೆ ಇಷ್ಟು ಕಾರುಗಳಲ್ಲಿ ಇದ್ದುದರಿಂದ ಇದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ಇದು ಸಣ್ಣ ಅನುಕೂಲವೇನಲ್ಲ.

ಇನ್ನು ಇದರ ಲೆಕ್ಕಾಚಾರ. ಗಾತ್ರ 1248 ಸಿಸಿ, ನಾಲ್ಕು ಸಿಲಿಂಡರ್. ಡಿಸೈರ್‌ನಲ್ಲಿ ಶಕ್ತಿ 75 ಪಿಎಸ್, ಎಳೆತ 2000 ಸುತ್ತಿನಲ್ಲಿ 190 ನ್ಯೂಟನ್ ಮೀಟರ್. 1998ರಲ್ಲಿ ಬಂದ ಇಂಡಿಕಾ ಡೀಸೆಲ್‌ನ ಇಂಜಿನ್ 1405 ಸಿಸಿ ಇದ್ದೂ ಕೊಡುತ್ತಿದ್ದುದು 53 ಪಿಎಸ್‌ನಷ್ಟು. ಚಿಕ್ಕ ಇಂಜಿನ್‌ಗೆ ಹೆಚ್ಚು ಶಕ್ತಿ ಎಲ್ಲಿಂದ ಬಂತು? ಮುಖ್ಯವಾಗಿ ಟರ್ಬೋದಿಂದ. ಒಲೆಗೆ ಊದುಕೊಳವೆಯಲ್ಲಿ ಊದಿದರೆ ಅದೇ ಸೌದೆ ಜೋರಾಗಿ ಉರಿಯುವುದಿಲ್ಲವೇ? ಹಾಗೆಯೇ ಟರ್ಬೋ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ವಿಶೇಷವೆಂದರೆ ಇದನ್ನು ತಿರುಗಿಸುವುದು ಇಂಜಿನ್‌ನಿಂದ ಹೊರಹೋಗುವ ಹೊಗೆಯೇ. ಜೊತೆಗೆ ಹಿಂದಿನ ಡೀಸೆಲ್‌ಗಳಂತೆ ಇಂಧನವನ್ನು ಒಮ್ಮೆಗೇ ಸುರಿಯದೆ, ಒಂದು ಉರಿತಕ್ಕೆ ಐದು ಕಂತಿನವರೆಗೂ ಹಂಚಿ ಭಾರೀ ಒತ್ತಡದಲ್ಲಿ ಚಿಮುಕಿಸುತ್ತದೆ. ಕಟಕಟ ಸದ್ದು ಕಡಿಮೆಯಾದದ್ದು, ಮೈಲೇಜ್ ಹೆಚ್ಚಿದ್ದು ಇದರಿಂದ.

ಇಲ್ಲಿಯೇ ಬಾಳಿಕೆಯ ಗುಟ್ಟೂ ಇದೆ. ಟರ್ಬೋದ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಅದು ಸವೆಯದಂತೆ ಕಾಯುವುದು ಇಂಜಿನ್ ಆಯಿಲ್‌ನ ತೆಳುವಾದ ಪದರ ಮಾತ್ರ. ಈ ಇಂಜಿನ್‌ಗೆ ಹಿಡಿಯುವ ಆಯಿಲ್ ಸುಮಾರು 3 ಲೀಟರ್; ಅದೇ ಆಯಿಲ್ ಟರ್ಬೋವನ್ನೂ ಒಳಗಿನ ಟೈಮಿಂಗ್ ಚೈನನ್ನೂ ಕಾಯಬೇಕು. "ಇದಕ್ಕೆ ಬೆಲ್ಟ್ ಇಲ್ಲ, ಚೈನು, ಬದಲಾಯಿಸುವ ಗೋಜೇ ಇಲ್ಲ" ಎಂದು ಮಾರುವವರು ಹೇಳುತ್ತಾರೆ. ಅರ್ಧ ಸತ್ಯ. ಆಯಿಲ್ ಕೆಟ್ಟರೆ ಅಥವಾ ಕಡಿಮೆಯಾದರೆ ಚೈನು ಹಿಗ್ಗುತ್ತದೆ, ಹಿಗ್ಗಿ ಹಲ್ಲು ತಪ್ಪಿದರೆ ಇಂಜಿನ್‌ನ ತಲೆಯೇ ಹೋಗಬಹುದು. ಮಾರುತಿ ಹೇಳಿದ್ದು 10 ಸಾವಿರ ಕಿ.ಮೀ.ಗೊಮ್ಮೆ ಸರ್ವಿಸ್. ಹಾಗೆ ನೋಡಿಕೊಂಡ ಕಾರು ಎರಡು ಲಕ್ಷ ದಾಟಿಯೂ ಓಡುತ್ತದೆ. ಟ್ಯಾಕ್ಸಿಯವರನ್ನು ಕೇಳಿ ನೋಡಿ. ಆಯಿಲ್‌ನಲ್ಲಿ ಉಳಿತಾಯ ಮಾಡಿದವನ ಕಾರು 80 ಸಾವಿರದಲ್ಲೇ ಸೋತಿರಬಹುದು. ಆದ್ದರಿಂದ ಸಹೋದರಿಯೇ, ಮೀಟರಿನ ಸಂಖ್ಯೆ ನೋಡಿ ಹೆದರಬೇಡಿ, ಹಿಗ್ಗಲೂ ಬೇಡಿ. ಸಂಖ್ಯೆಯನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ಸರ್ವಿಸ್ ದಾಖಲೆ ಕೇಳಿ. ಅದಿಲ್ಲವೆಂದರೆ ಆ ಕಾರು ಬಿಡಿ.

ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ: ಕಾರು ಬೇಕಿರುವುದು ಮಕ್ಕಳನ್ನು 4 ಕಿ.ಮೀ. ದೂರದ ಶಾಲೆಗೆ ಬಿಡಲು, ಉಳಿದಂತೆ ಯಜಮಾನರು ರಜೆಯಲ್ಲಿ ಬಂದಾಗ. ಹಾಗಿದ್ದರೆ ಎಷ್ಟೇ ಒಳ್ಳೆಯ ಡೀಸೆಲ್ ಕಾರಾದರೂ ನಿಮಗೆ ಬೇಡವೆಂದೇ ಹೇಳುತ್ತೇನೆ. ಡೀಸೆಲ್ ಇಂಜಿನ್ ಬಿಸಿಯೇರಲು ಸಮಯ ಬೇಕು. ಬಿಸಿಯಾಗುವ ಮೊದಲೇ ದಿನಾ ನಿಲ್ಲಿಸುತ್ತಿದ್ದರೆ ಹೊಗೆಯ ಮಸಿ ಇಜಿಆರ್ ವಾಲ್ವ್‌ನಲ್ಲಿ ಕಟ್ಟಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತರೆ ಟ್ಯಾಂಕಿನಲ್ಲಿ ನೀರಿನ ಪಸೆ ಸೇರಿ, ಕೂದಲೆಳೆಯಂತಹ ರಂಧ್ರಗಳಿರುವ ಇಂಜೆಕ್ಟರ್ ಕೆಡುತ್ತದೆ. ಉಳಿತಾಯವಾದರೂ ಎಷ್ಟು? ತಿಂಗಳಿಗೆ 300 ಕಿ.ಮೀ. ಓಡಿಸುತ್ತೀರಿ, ಡೀಸೆಲ್ ಲೀಟರಿಗೆ 90 ರೂಪಾಯಿ, ಪೆಟ್ರೋಲ್ 100 ಎಂದಿಟ್ಟುಕೊಳ್ಳಿ. ಡೀಸೆಲ್ ಕಾರು 20 ಕಿ.ಮೀ., ಪೆಟ್ರೋಲ್ ಕಾರು 15 ಕಿ.ಮೀ. ಕೊಟ್ಟರೆ ಉಳಿಯುವುದು ತಿಂಗಳಿಗೆ 650 ರೂಪಾಯಿ. ಒಮ್ಮೆ ಟರ್ಬೋ ಅಥವಾ ಇಂಜೆಕ್ಟರ್ ಕೆಟ್ಟರೆ ವರ್ಷಗಳ ಉಳಿತಾಯ ಅಲ್ಲಿಗೇ ಹೋಯಿತು. 2012ರಲ್ಲಿ ಎರಡರ ಬೆಲೆಯಲ್ಲಿ 30 ರೂಪಾಯಿಯ ಅಂತರವಿದ್ದ ದಿನಗಳಿದ್ದವು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರಕಾರದ ಹಿಡಿತ ತೆಗೆದ ಮೇಲೆ ಆ ಲೆಕ್ಕ ಹಳತಾಯಿತು. ನೋಂದಣಿಯನ್ನೂ ಮರೆಯಬೇಡಿ: 2014ರ ಕಾರಿಗೆ 2029ರಲ್ಲಿ 15 ವರ್ಷ ತುಂಬುತ್ತದೆ. ಆಗ ಫಿಟ್‌ನೆಸ್ ಪರೀಕ್ಷೆ, ನವೀಕರಣ ಎಲ್ಲ ಇದೆ. ನವೀಕರಣದ ಶುಲ್ಕವೇ 2022ರ ಏಪ್ರಿಲ್‌ನಲ್ಲಿ 600ರಿಂದ 5000 ರೂಪಾಯಿಗೆ ಏರಿತು.

ವ್ಯಾಪಾರಕ್ಕಾಗಿ ವಾರಕ್ಕೆರಡು ಸಲ ಮಂಗಳೂರಿನಿಂದ ಹಾಸನಕ್ಕೋ ಬೆಂಗಳೂರಿಗೋ ಹೋಗುವವರ ಮಾತು ಬೇರೆ. ಅವರಿಗೆ ಈ ಇಂಜಿನ್ ಈಗಲೂ ಒಳ್ಳೆಯದು. ಆದರೆ 2000 ಸುತ್ತಿನ ಕೆಳಗೆ ಇದಕ್ಕೆ ಕಸುವು ಕಡಿಮೆ. ಶಿರಾಡಿ ಘಾಟಿ ಹತ್ತುವಾಗ ಮೈಲೇಜಿನ ಆಸೆಗೆ ನಾಲ್ಕನೇ ಗೇರಿನಲ್ಲೇ ಏದುಸಿರು ಬಿಡಿಸಬೇಡಿ, ಮೂರಕ್ಕೆ ಇಳಿಸಿ. ಹತ್ತಿ ಮುಗಿದು ಚಹಾಕ್ಕೆ ನಿಲ್ಲಿಸಿದಾಗ ತಕ್ಷಣ ಕೀಲಿ ತಿರುಗಿಸದೆ ಒಂದು ನಿಮಿಷ ಸುಮ್ಮನೆ ಓಡಲು ಬಿಡಿ. ಕಾದ ಟರ್ಬೋಗೆ ಆಯಿಲ್ ಒಮ್ಮೆಗೇ ನಿಂತರೆ ಅದು ಅಲ್ಲೇ ಕರಕಲಾಗುತ್ತದೆ.

ಕಾರು ನೋಡಲು ಹೋಗುವವರು ಬೆಳಿಗ್ಗೆಯೇ ಹೋಗಿ, ನಂಬಿಕೆಯ ಮೆಕ್ಯಾನಿಕ್ ಜೊತೆಗಿರಲಿ. ಮೊದಲು ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಇನ್ನೊಂದು ದಿನ ಬರುತ್ತೇವೆ ಎನ್ನಿ. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದಾಗ ಚೈನಿನ ಕಡೆಯಿಂದ ಗಲಗಲ ಸದ್ದು ಬರುತ್ತದೆಯೇ ಎಂದು ಕಿವಿಗೊಡಿ. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತೆಗೆಸಿ: ಅಲ್ಲಿಂದ ಹೊಗೆ ಬುಸುಬುಸು ಎಂದು ಒತ್ತಿ ಬಂದರೆ ಒಳಗಿನ ರಿಂಗುಗಳು ಸವೆದಿವೆ. ಕೊನೆಗೆ ರಸ್ತೆಗಿಳಿದು, ಮೂರನೇ ಗೇರಿನಲ್ಲಿ ನಿಧಾನಕ್ಕೆ ವೇಗ ಏರಿಸಿ. 2000 ಸುತ್ತು ದಾಟಿದಾಗ ಕಾರು ಬೆನ್ನಿಗೆ ಕೈಕೊಟ್ಟು ದೂಡಿದಂತೆ ಮುನ್ನುಗ್ಗಬೇಕು. ಹಾಗೆ ಆಗದಿದ್ದರೆ ಅಥವಾ ಸೈರನ್‌ನಂತಹ ಕೂಗು ಕೇಳಿಸಿದರೆ, ಮುಂಗಡ ಕೊಡುವ ಮೊದಲು ಟರ್ಬೋ ಬಿಚ್ಚಿ ತೋರಿಸಲು ಹೇಳಿ.