ಥರ್ಮಾಕೋಲ್ ಡ್ರೋನ್‌ಗೆ ಕೋಟಿಗಟ್ಟಲೆ ಕ್ಷಿಪಣಿ

1/3
ಕಾಸ್ಟಿಂಗ್ ಪೇಪರ್ ಬೋರ್ ಅನ್ನೋರೆಲ್ಲ ಇದನ್ನ ಓದ್ರಪ್ಪ. 2025ರ ಸೆಪ್ಟೆಂಬರ್ 10ರ ನಸುಕಲ್ಲಿ ರಷ್ಯಾದ ಸುಮಾರು 20 ಡ್ರೋನ್‌ಗಳು ಪೋಲೆಂಡ್ ಒಳಗೆ ನುಗ್ಗಿದ್ವು. ಆಮೇಲೆ ಹೊಲದಲ್ಲಿ ಬಿದ್ದು ಸಿಕ್ಕಿದ್ರಲ್ಲಿ ಗೆರ್ಬೆರಾ ಅನ್ನೋ ಡಮ್ಮಿಗಳೂ ಇದ್ವು. ಪ್ಲೈವುಡ್, ಥರ್ಮಾಕೋಲ್‌ದು. ನಮ್ಮ ಗಣೇಶನ ಮಂಟಪದ ಸಾಮಾನು!
ಇದಕ್ಕೆ ಎದ್ದು ನಿಂತಿದ್ದು ಯಾರ್ಯಾರು? ಪೋಲೆಂಡ್‌ನ ಎಫ್-16, ನೆದರ್ಲೆಂಡ್ಸ್‌ನ ಎಫ್-35, ಇಟಲಿಯ ರಡಾರ್ ವಿಮಾನ, ಜರ್ಮನಿಯ ಪೇಟ್ರಿಯಾಟ್. ಹೊಡೆದು ಬೀಳಿಸಿದ್ದು ಮೂರೋ ನಾಲ್ಕೋ. ಜೆಟ್‌ನಿಂದ ಬಿಡೋ ಒಂದು ಕ್ಷಿಪಣಿಗೆ ಲಕ್ಷಾಂತರ ಡಾಲರ್. ನಾಳೆ 20ರ ಬದಲು 500 ಬಂದ್ರೆ? ಇದನ್ನ 'ಒಗ್ಗಟ್ಟು' ಅಂತ ಹೊಗಳೋರು ಒಂದ್ಸಲ ಬ್ಯಾಲೆನ್ಸ್ ಶೀಟ್ ನೋಡ್ಬೇಕು.

2/3
ಪಕ್ಕದಲ್ಲೇ ಉಕ್ರೇನ್ ಇದೆ. ಅಲ್ಲಿ ಕಂಬಗಳ ಮೇಲೆ ಮೈಕ್ರೋಫೋನ್ ಕಟ್ಟಿ, ಡ್ರೋನ್ ಸದ್ದು ಕೇಳಿಯೇ ಅದು ಯಾವ ಕಡೆ ಹೋಗ್ತಿದೆ ಅಂತ ಪತ್ತೆ ಹಚ್ತಾರೆ. 2024ರಲ್ಲೇ ಇಂಥ ಸುಮಾರು 10,000 ಸೆನ್ಸರ್ ಇದ್ವು, ಒಂದೊಂದಕ್ಕೆ 400-500 ಡಾಲರ್. ಟ್ರಕ್ ಮೇಲೆ ಮಷಿನ್ ಗನ್ ಇಟ್ಕೊಂಡ ತಂಡಗಳು ಹೊಡೀತಾವೆ. ಈಗಂತೂ ಡ್ರೋನ್‌ಗೆ ಡ್ರೋನನ್ನೇ ಡಿಕ್ಕಿ ಹೊಡೆಸ್ತಾರೆ, ಅದಕ್ಕೆ ಕೆಲವು ಸಾವಿರ ಡಾಲರ್ ಸಾಕು.
ಪೋಲೆಂಡ್ ಈ ಪಾಠ ಕಲಿಯೋಕೆ ಉಕ್ರೇನ್ ಜೊತೆ ಒಪ್ಪಂದ ಮಾಡ್ಕೊಂಡಿದ್ದು ಡ್ರೋನ್‌ಗಳು ಒಳಗೆ ಬಂದ ಮೇಲೆ. ಡೆನ್ಮಾರ್ಕ್ ಉಕ್ರೇನಿನ ತಜ್ಞರನ್ನ ಕರೆಸಿದ್ದು ಕೋಪನ್‌ಹೇಗನ್ ವಿಮಾನ ನಿಲ್ದಾಣ ಹತ್ತಿರತ್ತಿರ ನಾಲ್ಕು ಗಂಟೆ ಮುಚ್ಚಿದ ಮೇಲೆ. ಯುದ್ಧ ಶುರುವಾಗಿ ಆಗ್ಲೇ ಮೂರೂವರೆ ವರ್ಷ! ಅಲ್ಲಿವರೆಗೂ ಉಕ್ರೇನ್ ಅಂದ್ರೆ ಇವರ ಪಾಲಿಗೆ ಕೈ ಚಾಚೋ ದೇಶ. ಮೇಷ್ಟ್ರನ್ನ ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಕಂಬೈಂಡ್ ಸ್ಟಡಿ ಮಾಡಿದ ಹಾಗಾಯ್ತು.

3/3
'ಮಿಲಿಟರಿ ಗುಟ್ಟು ಹೇಗೆ ಹಂಚ್ಕೊಳ್ಳೋದು?' ಅಂತ ಕೇಳ್ತೀರಾ. ಸರಿ, ದಾಳಿ ಮಾಡೋರು ಹಂಚ್ಕೊಂಡಾಯ್ತಲ್ಲ? ಶಾಹೆದ್ ಡಿಸೈನ್ ಇರಾನಿಂದು, ಈಗ ತಯಾರಾಗ್ತಿರೋದು ರಷ್ಯಾದ ಯೆಲಾಬುಗದಲ್ಲಿ. ಅವರು ರೇಡಿಯೋ ಫ್ರೀಕ್ವೆನ್ಸಿ ಬದಲಾಯಿಸಿದ್ರೆ ನಿನ್ನೆಯ ಜ್ಯಾಮರ್ ಇವತ್ತು ಡಬ್ಬ. ಫೈಬರ್ ದಾರ ಎಳ್ಕೊಂಡು ಹಾರೋ ಡ್ರೋನ್‌ಗಂತೂ ಜ್ಯಾಮರ್ ನಾಟೋದೇ ಇಲ್ಲ. ಇಂಥ ಮಾಹಿತಿ ಒಂದು ದೇಶದಿಂದ ಇನ್ನೊಂದಕ್ಕೆ ಅದೇ ವಾರ ತಲುಪ್ಬೇಕು. ವರ್ಷಕ್ಕೊಂದು ಶೃಂಗಸಭೆ, ಗ್ರೂಪ್ ಫೋಟೋ ಯಾವ ಮೂಲೆಗೆ?

ನಮಗ್ಯಾಕೆ ಅನ್ಬೇಡಿ. 2025ರ ಮೇನಲ್ಲಿ ಒಂದೇ ರಾತ್ರಿ 36 ಕಡೆ 300-400 ಡ್ರೋನ್ ಬಂದ್ವು ಅಂತ ನಮ್ಮ ಸರ್ಕಾರವೇ ಹೇಳಿದೆ. ಅವು ಟರ್ಕಿಯವು ಅಂತಲೂ ಹೇಳ್ತು. ಬೆಂಗಳೂರಿನ ಬಿಇಎಲ್ ಡ್ರೋನ್ ತಡೆಯೋ ಸಿಸ್ಟಮ್ ಮಾಡುತ್ತೆ, ಹೆಮ್ಮೆನೇ. ಆದ್ರೆ ಆ ಎಂಜಿನಿಯರ್‌ಗಳು ಉಕ್ರೇನಿನ ಅನುಭವ ಯೂಟ್ಯೂಬ್ ನೋಡಿ ಕಲೀಬೇಕಾ? ಒಪ್ಪದೇ ಇರೋರು ಕಾಮೆಂಟ್‌ಗೆ ಬನ್ನಿ, ಲೆಕ್ಕ ಹಿಡ್ಕೊಂಡೇ ಬನ್ನಿ.