ಕೋಡ್ ಬಂತು ಅಂತ ಸೆನ್ಸರ್ ಬದಲಾಯಿಸ್ಬೇಡಿ

ಬಿಎಸ್6 ಡೀಸೆಲ್ ಪಿಕಪ್ ಇರೋ ರೈತರು ಓದಿ. ಸ್ವಲ್ಪ ಉದ್ದ ಆಗಿದೆ.

ಹೋದ ತಿಂಗಳು ಗುಬ್ಬಿಯಿಂದ ಅಡಿಕೆ ಮೂಟೆ ಹಾಕ್ಕೊಂಡು ತುಮಕೂರಿನ ಬಟವಾಡಿ ಯಾರ್ಡಿಗೆ ಹೋಗ್ತಿದ್ದಾಗ ಎಂಜಿನ್ ದೀಪ ಹತ್ತಿಕೊಳ್ತು. ಗಾಡಿ ಎಳೆಯೋದೂ ಕಮ್ಮಿ ಆಯ್ತು. ತುಮಕೂರಲ್ಲೇ ಒಂದು ವರ್ಕ್‌ಶಾಪಿಗೆ ಬಿಟ್ಟೆ. ಸ್ಕ್ಯಾನರ್ ಹಾಕಿದ್ರು, ಪಿ041ಡಿ ಅಂತ ಕೋಡ್ ಬಂತು. "ಇಜಿಆರ್ ಟೆಂಪರೇಚರ್ ಸೆನ್ಸರ್ ಹೋಗಿದೆ" ಅಂದ್ರು, ಎರಡೇ ನಿಮಿಷಕ್ಕೆ. ಹೊಸದು ಹಾಕಿ ಕೂಲಿ ಸೇರಿ ಐದು ಸಾವಿರ ಚಿಲ್ಲರೆ. ಮೂರನೇ ದಿನ ದೀಪ ಮತ್ತೆ ಬಂತು, ಈ ಸಲ ಆರಲೇ ಇಲ್ಲ. ಕೇಳಿದ್ರೆ ಇಜಿಆರ್ ಕೂಲರ್ ಸಮೇತ ಬಿಚ್ಚಬೇಕು ಅಂದ್ರು.

ಇಜಿಆರ್ ಅಂದ್ರೆ ಸುಟ್ಟ ಹೊಗೆಯಲ್ಲಿ ಒಂದು ಪಾಲನ್ನ ತಣ್ಣಗೆ ಮಾಡಿ ವಾಪಸ್ ಎಂಜಿನ್ನಿಗೆ ಬಿಡೋ ವ್ಯವಸ್ಥೆ. ಉರಿಯ ಬಿಸಿ ತಗ್ಗುತ್ತೆ, ನೈಟ್ರೋಜನ್ ಆಕ್ಸೈಡ್ ಕಮ್ಮಿ ಆಗುತ್ತೆ. ಆ ಹೊಗೆ ಎಷ್ಟು ಬಿಸಿ ಇದೆ ಅಂತ ಕಂಪ್ಯೂಟರಿಗೆ ಹೇಳೋದು ಈ ಸೆನ್ಸರ್. ಬಿಸಿ ಏರಿದಂಗೆ ಇದರ ರೆಸಿಸ್ಟೆನ್ಸ್ ಇಳಿಯುತ್ತೆ. ವೈರ್ ತುಂಡಾದ್ರೆ ಕಂಪ್ಯೂಟರ್ ವಿಪರೀತ ಚಳಿ ಅಂತ ತಿಳ್ಕೊಳುತ್ತೆ.

ಹೆಬ್ಬೂರು ಮೇಲೆ ಕುಣಿಗಲ್‌ಗೆ ಭಾವನ ಮನೆಗೆ ಹೋದಾಗ ಅಲ್ಲಿನ ಒಬ್ಬ ಹುಡುಗನಿಗೆ ತೋರಿಸಿದೆ. "ಅಣ್ಣ, ರಾತ್ರಿ ಗಾಡಿ ಇಲ್ಲೇ ಬಿಡಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡೋಣ" ಅಂದ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ, ಬರೀ ಕೀ ಆನ್ ಮಾಡಿ ಸ್ಕ್ಯಾನರಲ್ಲಿ ಲೈವ್ ಡೇಟಾ ತೆಗೆದ. ಕೂಲೆಂಟ್ 23 ಡಿಗ್ರಿ, ಒಳಗೆ ಹೋಗೋ ಗಾಳಿ 24, ಇಜಿಆರ್ ಮೈನಸ್ 40. ತಣ್ಣಗಿರೋ ಎಂಜಿನ್‌ನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಕುಣಿಗಲ್ಲಲ್ಲಿ ಮೈನಸ್ 40 ಎಲ್ಲಿಂದ ಬರುತ್ತೆ ಸ್ವಾಮಿ!

ಆಮೇಲೆ ಸೆನ್ಸರ್ ಕನೆಕ್ಟರ್ ಕಿತ್ತು, ವೈರಿಂಗ್ ಕಡೆಯ ಎರಡು ಪಿನ್ನಿಗೆ ಒಂದು ತುಂಡು ವೈರ್ ಜೋಡಿಸಿದ. ವೈರಿಂಗ್ ಸರಿ ಇದ್ದಿದ್ರೆ ರೀಡಿಂಗ್ ಒಂದೇ ಸಲ ಮೇಲಕ್ಕೆ ಹಾರಬೇಕಿತ್ತು. ಅಲ್ಲಾಡಲಿಲ್ಲ. ಅಂದ್ರೆ ತಪ್ಪು ಸೆನ್ಸರ್‌ದಲ್ಲ. (ಎರಡೇ ವೈರಿರೋ ಇಂಥ ಸೆನ್ಸರಿಗೆ ಮಾತ್ರ ಇದು. ಮೂರು ವೈರಿದ್ರೆ ಕೈ ಹಾಕಬೇಡಿ.) ಹಾರ್ನೆಸ್ ಬಿಡಿಸಿ ನೋಡಿದ್ರೆ ಇಲಿ ಕಡಿದಿತ್ತು. ಬೆಸುಗೆ ಹಾಕಿ ಸ್ಲೀವ್ ಏರಿಸಿ ಮುನ್ನೂರು ರೂಪಾಯಿ ತಗೊಂಡ.

ನನ್ನ ತಕರಾರು ಇಷ್ಟೇ. ಕೋಡ್ ಹೇಳೋದು ಯಾವ ಸರ್ಕ್ಯೂಟಲ್ಲಿ ತೊಂದರೆ ಅಂತ, ಯಾವ ಪಾರ್ಟ್ ಹೋಗಿದೆ ಅಂತಲ್ಲ. ಹತ್ತು ನಿಮಿಷದ ಪರೀಕ್ಷೆ ಮಾಡದೆ ಪಾರ್ಟ್ ಹಾಕೋದು ನಮ್ಮ ದುಡ್ಡಲ್ಲಿ ಊಹೆ ಮಾಡಿದಂಗೆ. ಹಾಗಂತ ಪೂರ್ತಿ ಅವರನ್ನೇ ಬೈಯೋಕೂ ಆಗಲ್ಲ. ಪಾರ್ಟಿಗೆ ಐದು ಸಾವಿರ ಕೊಡೋ ನಾವೇ, ಬರೀ ನೋಡಿದ್ದಕ್ಕೆ ಮುನ್ನೂರು ಕೇಳಿದ್ರೆ ಜಗಳಕ್ಕೆ ನಿಲ್ತೀವಿ. ನಾನೂ ನಿಂತಿದ್ದೀನಿ. ಪತ್ತೆ ಹಚ್ಚೋ ಕೂಲಿ ಬೇರೆ ಕೊಡೋಣ, ಆದ್ರೆ ಲೈವ್ ಡೇಟಾ ಕಣ್ಣಾರೆ ತೋರಿಸಿ ಅಂತ ಕೇಳೋಣ.

ಇನ್ನು "ಇಜಿಆರ್ ಮುಚ್ಚಿಸಿಬಿಡಿ" ಅನ್ನೋರು ಗುಬ್ಬಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಒಪ್ಪಲ್ಲ. ಆ ಹೊಗೆ ಕುಡಿಯೋದು ಗಾಡಿ ಹಿಂದೆ ಮೂಟೆ ಇಳಿಸೋ ನಮ್ಮ ಹುಡುಗರೇ.

ತುಮಕೂರಿಗೆ ಹೋಗಿ ಹಳೇ ಸೆನ್ಸರ್ ವಾಪಸ್ ಕೇಳಿದೆ. ಗುಜರಿಗೆ ಹಾಕಿ ಆಯ್ತು ಅಂದ್ರು.