ಆರು ಪಟ್ಟು ಬಲ

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೆ ಎಂಬ ಮಾತನ್ನು ತಂದೆಯ ಕಸುಬಿಗೆ ಬೆನ್ನು ತಿರುಗಿಸುವ ಮಕ್ಕಳೆಲ್ಲರೂ ಬಲ್ಲರು. ಆ ಮರದ ನೆರಳಿನಲ್ಲಿಯೇ ಬೆಳೆದು, ಅದರ ಭಾರವನ್ನೂ ಹೊತ್ತ ಮಕ್ಕಳ ಕಥೆ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಅಮೆರಿಕದ ರೋಬ್ಲಿಂಗ್ ಮನೆತನದ ಚರಿತ್ರೆ ಅಂಥದೊಂದು ಕಥೆ.

ಜಾನ್ ಅಗಸ್ಟಸ್ ರೋಬ್ಲಿಂಗ್ 1806ರಲ್ಲಿ ಜರ್ಮನಿಯ ಮ್ಯೂಲ್‌ಹೌಸನ್ ಎಂಬ ಊರಿನಲ್ಲಿ ಹುಟ್ಟಿದನು. 1831ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ, ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಸ್ಯಾಕ್ಸನ್‌ಬರ್ಗ್ ಎಂಬ ಹಳ್ಳಿಯನ್ನು ಕಟ್ಟಿ ಬೇಸಾಯಕ್ಕೆ ನಿಂತನು. ಬೇಸಾಯ ಅವನ ಕೈಗೆ ಹತ್ತಲಿಲ್ಲ. ಆ ಸೀಮೆಯಲ್ಲಿ ಕಾಲುವೆಯ ದೋಣಿಗಳನ್ನು ಬಂಡಿಗಳ ಮೇಲೇರಿಸಿ ಬೆಟ್ಟ ದಾಟಿಸುವ ಏರ್ಪಾಡೊಂದಿದ್ದಿತು. ಅವನ್ನು ಎಳೆಯುತ್ತಿದ್ದ ನಾರಿನ ಹಗ್ಗಗಳು ಬೇಗನೆ ಸವೆಯುತ್ತಿದ್ದವು. ಹರಿದರೆ ಪ್ರಾಣಕ್ಕೇ ಸಂಚಕಾರ. ಜಾನ್ 1841ರಲ್ಲಿ ತನ್ನ ಹೊಲದ ಬಯಲಿನಲ್ಲಿಯೇ, ನೆರೆಯ ರೈತರನ್ನು ಕೂಡಿಸಿಕೊಂಡು, ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದನು. ಎಂಟು ವರ್ಷಗಳ ತರುವಾಯ ಆ ಉದ್ಯಮ ನ್ಯೂಜೆರ್ಸಿಯ ಟ್ರೆಂಟನ್ ನಗರಕ್ಕೆ ಬಂದು ನೆಲೆಯೂರಿತು. ತಂತಿಯ ವಿದ್ಯೆ ಅವನನ್ನು ತೂಗುಸೇತುವೆಗಳತ್ತ ಸೆಳೆಯಿತು. 1855ರಲ್ಲಿ ನಯಾಗರಾ ಕಮರಿಯ ಮೇಲೆ ಅವನು ಕಟ್ಟಿದ ತೂಗುಸೇತುವೆಯಲ್ಲಿ ರೈಲುಬಂಡಿಯೇ ಹಾದುಹೋಯಿತು.

ಮಕ್ಕಳ ಪಾಲಿಗೆ ಜಾನ್ ಮಹಾ ಕಠಿಣ ತಂದೆ. ಅವನ ಪ್ರೀತಿಗಿಂತ ಬೆತ್ತವನ್ನೇ ಹೆಚ್ಚಾಗಿ ಕಂಡೆನೆಂಬಂತೆ ಹಿರಿಯ ಮಗ ವಾಷಿಂಗ್ಟನ್ ಮುಂದೆ ಬರೆದಿಟ್ಟಿದ್ದಾನೆ. ಆದರೂ ತಂದೆಯ ಒಂದು ನಿಯಮವನ್ನು ಮಗನು ಬಿಡಲಿಲ್ಲ. ನ್ಯೂಯಾರ್ಕಿಗೂ ಬ್ರೂಕ್ಲಿನ್ನಿಗೂ ನಡುವೆ, ಈಸ್ಟ್ ನದಿಯ ಮೇಲೆ ಜಾನ್ ಯೋಜಿಸಿದ ಮಹಾಸೇತುವೆಯ ತಂತಿಗಳಿಗೆ, ಹೊರಬೇಕಾದ ಭಾರದ ಆರು ಪಟ್ಟು ಬಲವಿರಬೇಕೆಂದು ಲೆಕ್ಕ ಕಟ್ಟಲಾಗಿದ್ದಿತು.

1869ರಲ್ಲಿ ಆ ಸೇತುವೆಯ ನಿವೇಶನವನ್ನು ಅಳೆಯುತ್ತಿದ್ದಾಗ ದೋಣಿಯೊಂದು ದಡಕ್ಕೆ ಒತ್ತಿ ಜಾನ್‌ನ ಕಾಲು ಜಜ್ಜಿಹೋಯಿತು. ಧನುರ್ವಾಯು ತಗಲಿ ಕೆಲವೇ ವಾರಗಳಲ್ಲಿ ಅವನು ತೀರಿಕೊಂಡನು. 32 ವರ್ಷದ ವಾಷಿಂಗ್ಟನ್ ಮುಖ್ಯ ಎಂಜಿನಿಯರನಾದನು. ಗೋಪುರಗಳ ಅಸ್ತಿಭಾರಕ್ಕಾಗಿ ತಳವಿಲ್ಲದ ಭಾರೀ ಮರದ ಪೆಟ್ಟಿಗೆಗಳನ್ನು ನದಿಯಲ್ಲಿಳಿಸಿ, ಗಾಳಿಯ ಒತ್ತಡದಿಂದ ನೀರನ್ನು ಹೊರದೂಡಿ, ಒಳಗೆ ಜನರು ಮಣ್ಣು ಅಗೆಯುತ್ತಿದ್ದರು. ಆ ಒತ್ತಡದಿಂದ ಸರ್ರನೆ ಮೇಲೆ ಬಂದವರ ರಕ್ತದಲ್ಲಿ ಗಾಳಿಯ ಗುಳ್ಳೆಗಳೆದ್ದು ಕೈಕಾಲು ಬೀಳುತ್ತಿದ್ದವು, ಕೆಲವರು ಸತ್ತರು. ಕೆಲಸಗಾರರೊಡನೆ ತಾನೂ ಇಳಿಯುತ್ತಿದ್ದ ವಾಷಿಂಗ್ಟನ್ 1872ರಲ್ಲಿ ಆ ರೋಗದಿಂದ ಹಾಸಿಗೆ ಹಿಡಿದನು. ಅಲ್ಲಿಂದಾಚೆಗೆ ಅವನ ಮಾತನ್ನು ಕೆಲಸದ ಸ್ಥಳಕ್ಕೆ ಮುಟ್ಟಿಸಿದವಳು ಮಡದಿ ಎಮಿಲಿ. ಗಣಿತವನ್ನೂ ಲೋಹಗಳ ಗುಣವನ್ನೂ ಆಕೆ ಮನೆಯಲ್ಲಿಯೇ ಕಲಿತಳು. ಪತ್ರಗಳನ್ನು ಬರೆದಳು, ಎಂಜಿನಿಯರರಿಗೂ ಗುತ್ತಿಗೆದಾರರಿಗೂ ಉತ್ತರ ಹೇಳಿದಳು.

ತಂತಿಯ ಗುತ್ತಿಗೆಯ ಕಾಲ ಬಂದಾಗ ಮನೆತನದ ಹೆಸರೇ ಅಡ್ಡಿಯಾಯಿತು. ಎಂಜಿನಿಯರನು ಪಾಲುಗಾರನಾಗಿರುವ ಕಂಪೆನಿಗೆ ಗುತ್ತಿಗೆ ಕೊಡಬಾರದೆಂದು ಆಡಳಿತ ಮಂಡಲಿ ಗೊತ್ತುಮಾಡಿತು. ವಾಷಿಂಗ್ಟನ್ ತನ್ನ ಷೇರುಗಳನ್ನು ಮಾರಿದನು. ಆದರೂ ಗುತ್ತಿಗೆ ಹೋದದ್ದು ಹೇಗ್ ಎಂಬುವನ ಪಾಲಿಗೆ. 1878ರಲ್ಲಿ ಅವನ ಮೋಸ ಹೊರಬಿದ್ದಿತು. ಪರೀಕ್ಷೆಯಲ್ಲಿ ಗೆದ್ದ ಒಳ್ಳೆಯ ತಂತಿ ಸೇತುವೆಗೆ ಹೊರಡುತ್ತಿದ್ದಿತು. ದಾರಿಯಲ್ಲಿ ಅದನ್ನಿಳಿಸಿ ತಿರಸ್ಕೃತವಾದ ತಂತಿಯನ್ನು ಬಂಡಿಗೇರಿಸುತ್ತಿದ್ದರು. ಒಳ್ಳೆಯದು ಮರಳಿ ಪರೀಕ್ಷೆಗೆ ಬರುತ್ತಿದ್ದಿತು! ಅಷ್ಟು ಹೊತ್ತಿಗೆ ಬಹಳಷ್ಟು ಕೆಟ್ಟ ತಂತಿ ಕೇಬಲುಗಳೊಳಗೆ ಸೇರಿಹೋಗಿದ್ದಿತು. ಬಿಚ್ಚಿ ತೆಗೆಯುವಂತಿರಲಿಲ್ಲ.

ರೋಗಶಯ್ಯೆಯಿಂದಲೇ ವಾಷಿಂಗ್ಟನ್ ಲೆಕ್ಕ ಹಾಕಿದನು. ಆರು ಪಟ್ಟು ಇದ್ದ ಬಲ ಕುಗ್ಗಿದರೂ ಐದು ಪಟ್ಟಿಗೆ ಕಡಮೆಯಾಗದು, ಸೇತುವೆ ನಿಲ್ಲುತ್ತದೆ. ಅಷ್ಟಕ್ಕೆ ತೃಪ್ತನಾಗದೆ, ನಾಲ್ಕು ಕೇಬಲುಗಳಲ್ಲಿ ಒಂದೊಂದಕ್ಕೂ 150ರಷ್ಟು ಹೊಸ ತಂತಿಗಳನ್ನು ಗುತ್ತಿಗೆದಾರನ ಖರ್ಚಿನಿಂದಲೇ ಸೇರಿಸುವಂತೆ ಮಾಡಿದನು. ಅಂದಿನ ದಿನ ‘ಇಷ್ಟೇಕೆ ದುಂದು’ ಎಂದು ಯಾರಾದರೂ ಆ ಆರು ಪಟ್ಟನ್ನು ಎರಡು ಪಟ್ಟಿಗೆ ಇಳಿಸಿದ್ದರೆ? ಹೇಗನ ಲೋಭಕ್ಕೆ ದಾರಿಹೋಕರು ಬೆಲೆ ತೆರಬೇಕಾಗುತ್ತಿದ್ದಿತು.

1882ರಲ್ಲಿ ಕಾಯಿಲೆಯವನನ್ನು ಪದವಿಯಿಂದ ತೆಗೆಯಬೇಕೆಂಬ ಸೂಚನೆ ಮಂಡಲಿಯ ಮುಂದೆ ಬಂದು, ಮತಕ್ಕೆ ಬಿದ್ದು ಸೋತಿತು. 1883ರ ಮೇ 24ರಂದು ಬ್ರೂಕ್ಲಿನ್ ಸೇತುವೆ ತೆರೆಯಿತು. ಗೋಪುರದಿಂದ ಗೋಪುರಕ್ಕೆ 1,595 ಅಡಿಗೂ ಮೀರಿದ ಹರವು. ಅಂದಿಗೆ ತೂಗುಸೇತುವೆಗಳಲ್ಲೆಲ್ಲ ಅದೇ ದೊಡ್ಡದು.

ಟ್ರೆಂಟನ್ನಿನಲ್ಲಿ ಉದ್ಯಮವನ್ನು ಬೆಳೆಸಿದವರು ತಮ್ಮಂದಿರು. ಫರ್ಡಿನೆಂಡ್ ವ್ಯಾಪಾರವನ್ನೂ ಚಾರ್ಲ್ಸ್ ಕಾರ್ಖಾನೆಯನ್ನೂ ನೋಡಿಕೊಂಡರು. 1905ರ ಸುಮಾರಿಗೆ ತಮ್ಮದೇ ಉಕ್ಕನ್ನು ಕರಗಿಸಲು ಕಾರ್ಖಾನೆ ಹೂಡಿ, ಕೆಲಸಗಾರರಿಗಾಗಿ ರೋಬ್ಲಿಂಗ್ ಎಂಬ ಊರನ್ನೇ ಕಟ್ಟಿಸಿದರು. 1921ರಲ್ಲಿ ಅಧ್ಯಕ್ಷನಾಗಿದ್ದ ಫರ್ಡಿನೆಂಡನ ಮಗ ಕಾರ್ಲ್ ಅಕಾಲದಲ್ಲಿ ತೀರಿಕೊಂಡಾಗ, 84ರ ಮುದುಕ ವಾಷಿಂಗ್ಟನ್ ಆ ಕುರ್ಚಿಯಲ್ಲಿ ಬಂದು ಕುಳಿತನು; 1926ರಲ್ಲಿ ಸಾಯುವವರೆಗೂ ಕೆಲಸ ಬಿಡಲಿಲ್ಲ. 1937ರಲ್ಲಿ ತೆರೆದ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಕೇಬಲುಗಳನ್ನು ಹೆಣೆದದ್ದೂ ಇದೇ ಮನೆತನದ ಕಂಪೆನಿ.

1950ರ ದಶಕದ ಆರಂಭದಲ್ಲಿ ಉದ್ಯಮ ಪರರಿಗೆ ಮಾರಾಟವಾಯಿತು. ಬಳಿಕ ಕಾರ್ಖಾನೆಗಳೂ ಒಂದೊಂದಾಗಿ ಮುಚ್ಚಿದವು. ಆಸ್ತಿ ಕೈಬಿಡುವುದು ಯಾವ ಮನೆತನಕ್ಕೂ ತಪ್ಪಿದ್ದಲ್ಲ. ಆದರೆ ಹಿರಿಯರು ಕೂಡಿಟ್ಟುಹೋದ ಹಣಕ್ಕಿಂತ, ಅವರು ಲೆಕ್ಕದಲ್ಲಿ ಇಟ್ಟುಹೋದ ಎಚ್ಚರಿಕೆ ದೊಡ್ಡದು. ಹೇಗನ ಕೆಟ್ಟ ತಂತಿ ಇಂದಿಗೂ ಬ್ರೂಕ್ಲಿನ್ ಸೇತುವೆಯ ಕೇಬಲುಗಳೊಳಗೇ ಇದೆ. ಅದರ ಕೆಳಗೆ ನಿತ್ಯವೂ ಸಹಸ್ರಾರು ಜನರು ನಿಶ್ಚಿಂತೆಯಿಂದ ಹಾದುಹೋಗುತ್ತಿದ್ದಾರೆ.